ಬ್ಲೆಂಡರ್‌ನಲ್ಲಿ ಟೆಕ್ಸ್ಚರ್ ಸರಿಯಾಗಿ ಕೂರುತ್ತಿಲ್ಲ, ಬಂಪ್ ತಲೆಕೆಳಗಾಗಿದೆ: ತಪ್ಪು ಎಲ್ಲಿದೆ ಅಂತ ಹುಡುಕುವ ದಾರಿ

ಊರಿನ ಹಳೇ ಮನೆಯ ಮುರಕಲ್ಲಿನ ಗೋಡೆಯನ್ನು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಕಟ್ಟುತ್ತಿದ್ದೆ. ಮುರಕಲ್ಲು ಅಂದರೆ ಕರಾವಳಿಯ ಕೆಂಪು ಕಲ್ಲು, ಉತ್ತರ ಕನ್ನಡದ ಕಡೆ ಚಿರೆಕಲ್ಲು ಅನ್ನುತ್ತಾರಲ್ಲ, ಅದೇ. ಮೈತುಂಬ ಸಣ್ಣ ಸಣ್ಣ ತೂತು. ಮಾಡೆಲ್ ಕಷ್ಟದ್ದಲ್ಲ, ಉದ್ದನೆಯ ಒಂದು ಡಬ್ಬಿ ಅಷ್ಟೇ. ಅದು ಗೋಡೆಯ ಹಾಗೆ ಕಾಣಬೇಕಾದರೆ ಪೂರ್ತಿ ಕೆಲಸ ಟೆಕ್ಸ್ಚರ್ ಮತ್ತು ಬಂಪ್ ಮ್ಯಾಪಿನದು. ಟೆಕ್ಸ್ಚರ್ ಅಂದರೆ ಮೈಮೇಲೆ ಹಚ್ಚುವ ಚಿತ್ರ, ಬಂಪ್ ಮ್ಯಾಪ್ ಅಂದರೆ ಉಬ್ಬು ತಗ್ಗು ಇದ್ದ ಹಾಗೆ ತೋರಿಸುವ ಕಪ್ಪು-ಬಿಳುಪು ಚಿತ್ರ.

ಫೋನಿನಲ್ಲಿ ಗೋಡೆಯ ಫೋಟೋ ತೆಗೆದೆ, ಅದರಿಂದ ಬಣ್ಣದ ಟೆಕ್ಸ್ಚರ್ ಮಾಡಿದೆ, ಅದೇ ಫೋಟೋವನ್ನು ಕಪ್ಪು-ಬಿಳುಪು ಮಾಡಿ ಬಂಪ್‌ಗೆ ಇಟ್ಟುಕೊಂಡೆ, ಇನ್ನೊಂದು ಪ್ರತಿಯನ್ನು ರಫ್‌ನೆಸ್‌ಗೆ, ಅಂದರೆ ಮೈ ಎಷ್ಟು ಒರಟು ಅನ್ನುವುದಕ್ಕೆ, ಹಾಕಿದೆ. ರೆಂಡರ್ ಮಾಡಿ, ಅಂದರೆ ಬೆಳಕಿನ ಲೆಕ್ಕ ಹಾಕಿಸಿ ಕೊನೆಯ ಚಿತ್ರ ತೆಗೆದು, ನೋಡಿದರೆ ಮೂರು ತೊಂದರೆ ಒಟ್ಟಿಗೇ ಕಂಡವು. ಕಲ್ಲುಗಳ ನಡುವಿನ ಗಾರೆ, ನಿಜವಾದ ಗೋಡೆಯಲ್ಲಿ ಒಳಗೆ ಸರಿದಿರುವುದು, ಇಲ್ಲಿ ಹಗ್ಗ ಅಂಟಿಸಿದ ಹಾಗೆ ಹೊರಗೆ ಎದ್ದು ನಿಂತಿತ್ತು. ಗೋಡೆಯ ತುದಿಯ ಮುಖದಲ್ಲಿ ಕಲ್ಲುಗಳು ಎಳೆದ ರಬ್ಬರಿನ ಹಾಗಿದ್ದವು. ಇಡೀ ಗೋಡೆ ಈಗಷ್ಟೇ ಮಳೆಯಲ್ಲಿ ನೆಂದ ಹಾಗೆ ಹೊಳೆಯುತ್ತಿತ್ತು.

ಎರಡು ಸಂಜೆ ಬಂಪ್ ಎಷ್ಟು ಜೋರಾಗಿರಬೇಕು ಅಂತ ಹೇಳುವ ಸ್ಟ್ರೆಂತ್ ಅಂಕಿ ಒಂದನ್ನೇ ಏರಿಸುತ್ತಾ ಇಳಿಸುತ್ತಾ ಕೂತಿದ್ದೆ. ಮೂರರಲ್ಲಿ ಒಂದಕ್ಕೂ ಸ್ಟ್ರೆಂತ್ ಕಾರಣ ಆಗಿರಲಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣ, ಒಂದು ಇನ್ನೊಂದನ್ನು ಮುಚ್ಚಿಕೊಂಡಿತ್ತು. ಅದಕ್ಕೇ ಈ ಬರಹ. ಡಿಸ್ಕಿನಲ್ಲಿರುವ ಚಿತ್ರ ನಿಮ್ಮ ಕಣ್ಣಿಗೆ ಬೀಳುವವರೆಗೆ ಏಳೆಂಟು ಹಂತ ದಾಟುತ್ತದೆ. ತಪ್ಪು ಹುಡುಕುವಾಗ ಮೊದಲ ಹಂತದಿಂದ ಶುರು ಮಾಡಿ, ಒಂದು ಸರಿ ಇದೆ ಅಂತ ಕಣ್ಣಾರೆ ನೋಡಿದ ಮೇಲೇ ಮುಂದಿನದಕ್ಕೆ ಹೋಗಿ. ಸ್ಟ್ರೆಂತ್ ಕಟ್ಟಕಡೆಗೆ.

ಟೆಕ್ಸ್ಚರ್ ಕಾಣುತ್ತಲೇ ಇಲ್ಲ ಅಂದರೆ

ಸಾಲಿಡ್ ಮೋಡ್‌ನಲ್ಲಿದ್ದರೆ ಮೆಟೀರಿಯಲ್ ಕಾಣುವುದಿಲ್ಲ, ಎಲ್ಲ ಬೂದು. ಜೆಡ್ ಕೀ ಒತ್ತಿ ಮೆಟೀರಿಯಲ್ ಪ್ರಿವ್ಯೂ ಅಥವಾ ರೆಂಡರ್ಡ್‌ಗೆ ಬನ್ನಿ. ಆಗಲೂ ಬೂದೇ ಇದ್ದರೆ ಮೆಟೀರಿಯಲ್ ಪಟ್ಟಿ ನೋಡಿ. ಒಂದೇ ವಸ್ತುವಿಗೆ ಎರಡು ಮೆಟೀರಿಯಲ್ ಇದ್ದು, ನೀವು ತಿದ್ದುತ್ತಿರುವುದು ಒಂದು, ಮುಖಗಳಿಗೆ ಹಚ್ಚಿರುವುದು ಇನ್ನೊಂದು ಆಗಿರುತ್ತದೆ. ಎಡಿಟ್ ಮೋಡ್‌ನಲ್ಲಿ ಆ ಮುಖಗಳನ್ನು ಆರಿಸಿ, ಸರಿಯಾದ ಮೆಟೀರಿಯಲ್ ಮೇಲೆ ನಿಂತು ಅಸೈನ್ ಒತ್ತಿದರೆ ಮುಗಿಯಿತು.

ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ ಬಂದರೆ ಗಾಬರಿ ಬೇಡ. ಚಿತ್ರದ ಫೈಲು ಸಿಗುತ್ತಿಲ್ಲ ಅಂತ ಬ್ಲೆಂಡರ್ ಹೇಳುವ ರೀತಿ ಅದು. ಫೋಲ್ಡರ್ ಹೆಸರು ಬದಲಾಗಿರಬಹುದು, ಪೆನ್‌ಡ್ರೈವ್ ತೆಗೆದಿರಬಹುದು, ಬ್ಲೆಂಡ್ ಫೈಲನ್ನು ಮಾತ್ರ ಗೆಳೆಯನಿಗೆ ಕಳಿಸಿ ಚಿತ್ರಗಳನ್ನು ಬಿಟ್ಟಿರಬಹುದು. ಫೈಲ್ ಮೆನುವಿನ ಎಕ್ಸ್‌ಟರ್ನಲ್ ಡೇಟಾ ಒಳಗೆ ಫೈಂಡ್ ಮಿಸ್ಸಿಂಗ್ ಫೈಲ್ಸ್ ಇದೆ, ಚಿತ್ರಗಳಿರುವ ಫೋಲ್ಡರ್ ತೋರಿಸಿದರೆ ಅದೇ ಹುಡುಕಿ ಜೋಡಿಸುತ್ತದೆ. ಬೇರೆಯವರಿಗೆ ಕಳಿಸುವ ಮೊದಲು ಅಲ್ಲೇ ಇರುವ ಪ್ಯಾಕ್ ರಿಸೋರ್ಸಸ್ ಒತ್ತಿಬಿಡಿ, ಚಿತ್ರಗಳೆಲ್ಲ ಬ್ಲೆಂಡ್ ಫೈಲಿನ ಒಳಗೇ ಸೇರಿಕೊಳ್ಳುತ್ತವೆ. ಒಂದೇ ವಸ್ತುವಿನ ಬದಲು ಇಡೀ ದೃಶ್ಯಕ್ಕೇ ಗುಲಾಬಿ ಬೆಳಕು ಬಿದ್ದಿದ್ದರೆ ಕಾಣೆಯಾಗಿರುವುದು ವರ್ಲ್ಡ್‌ನ ಎಚ್‌ಡಿಆರ್‌ಐ ಚಿತ್ರ, ಅಂದರೆ ದೃಶ್ಯಕ್ಕೆ ಸುತ್ತಲಿಂದ ಬೆಳಕು ಕೊಡುವ ಹಿನ್ನೆಲೆಯ ಚಿತ್ರ. ಗೋಡೆಯ ಮೆಟೀರಿಯಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಏನೂ ಸಿಗುವುದಿಲ್ಲ.

ಎಳೆದ ಹಾಗೆ, ಓರೆಯಾಗಿ, ತೀರಾ ದೊಡ್ಡದಾಗಿ ಕೂತಿದ್ದರೆ

ಇದು ಯುವಿಯ ವಿಷಯ. ಚಿತ್ರದ ಯಾವ ಭಾಗ ವಸ್ತುವಿನ ಯಾವ ಮುಖಕ್ಕೆ ಕೂರಬೇಕು ಅಂತ ಹೇಳುವ, ಮುಖಗಳನ್ನು ಬಿಡಿಸಿ ಹರಡಿದ ನಕ್ಷೆಯೇ ಯುವಿ. ಇಲ್ಲಿ ನಿಮ್ಮ ಟೆಕ್ಸ್ಚರನ್ನು ನೋಡುತ್ತಾ ಕೂರಬೇಡಿ. ಕಲ್ಲು, ಮಣ್ಣು, ಮರ ಇಂಥವುಗಳಲ್ಲಿ ಸ್ವಲ್ಪ ಎಳೆತ ಆಗಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಇಮೇಜ್ ಎಡಿಟರ್‌ನಲ್ಲಿ ಹೊಸ ಚಿತ್ರ ಮಾಡುವಾಗ ಜನರೇಟೆಡ್ ಟೈಪ್ ಅಂತ ಕೇಳುತ್ತದೆ, ಅಲ್ಲಿ ಕಲರ್ ಗ್ರಿಡ್ ಆರಿಸಿ, ಆ ಚಿತ್ರವನ್ನು ಬಣ್ಣದ ಜಾಗಕ್ಕೆ ಹಾಕಿ. ಅಕ್ಷರ, ಅಂಕೆ ಇರುವ ಬಣ್ಣದ ಚೌಕಗಳು ಮೇಲೆ ಬರುತ್ತವೆ. ಚೌಕ ಆಯತವಾಗಿದ್ದರೆ ಎಳೆತ ಇದೆ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೆ ಯುವಿ ತಿರುಗಿದೆ. ಒಂದು ಮುಖದಲ್ಲಿ ಚೌಕ ದೊಡ್ಡದು, ಪಕ್ಕದಲ್ಲಿ ಚಿಕ್ಕದು ಇದ್ದರೆ ಅಳತೆ ಒಂದೇ ಸಮ ಇಲ್ಲ. ಯುವಿ ಎಡಿಟರ್‌ನ ಓವರ್‌ಲೇಯಲ್ಲಿ ಡಿಸ್‌ಪ್ಲೇ ಸ್ಟ್ರೆಚ್ ಹಾಕಿದರೂ ಗೊತ್ತಾಗುತ್ತದೆ. ನೀಲಿ ಇದ್ದರೆ ಒಳ್ಳೆಯದು, ಹಳದಿ ಕೆಂಪಿನ ಕಡೆ ಹೋದಷ್ಟೂ ಕೆಟ್ಟದು.

ನನ್ನ ಗೋಡೆಯ ತುದಿಯಲ್ಲಿ ಆಗಿದ್ದು ತುಂಬಾ ಸಾಮಾನ್ಯವಾದ ತಪ್ಪು. ಮೊದಲಿಗೆ ಸಿಗುವ ಎರಡು ಮೀಟರ್ ಕ್ಯೂಬನ್ನು ಆಬ್ಜೆಕ್ಟ್ ಮೋಡ್‌ನಲ್ಲೇ ಎಳೆದು ಉದ್ದ ಮಾಡಿದ್ದೆ. ಬ್ಲೆಂಡರ್ ಯುವಿ ಬಿಡಿಸುವಾಗ ಆ ಎಳೆದ ಅಳತೆಯನ್ನು ನೋಡುವುದಿಲ್ಲ, ಒಳಗಿರುವ ಮೂಲ ಕ್ಯೂಬನ್ನೇ ನೋಡುತ್ತದೆ. ಹಾಗಾಗಿ ಎಲ್ಲ ಮುಖಕ್ಕೂ ಚೌಕಾಕಾರದ ಜಾಗ ಸಿಗುತ್ತದೆ, ಆ ಚೌಕ ಆಮೇಲೆ ಗೋಡೆಯ ಜೊತೆ ಎಳೆದುಕೊಳ್ಳುತ್ತದೆ. ಎನ್ ಕೀ ಒತ್ತಿ ಪಕ್ಕದ ಪಟ್ಟಿಯಲ್ಲಿ ಸ್ಕೇಲ್ ನೋಡಿ. ಮೂರೂ 1 ಇರಬೇಕು. ಇಲ್ಲದಿದ್ದರೆ ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಅಪ್ಲೈ ಮಾಡಿದ ತಕ್ಷಣ ಚಿತ್ರ ಸರಿಯಾಗುವುದಿಲ್ಲ, ಯುವಿಯನ್ನು ಮತ್ತೆ ಬಿಡಿಸಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ, ಸ್ಕೇಲ್ ಅಪ್ಲೈ ಮಾಡಿದೆ, ಏನೂ ಆಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಮೆಟೀರಿಯಲ್ ಕಟ್ಟುವುದು ನೋಡ್‌ಗಳಿಂದ, ಅಂದರೆ ತಂತಿಯಿಂದ ಒಂದಕ್ಕೊಂದು ಜೋಡಿಸುವ ಸಣ್ಣ ಡಬ್ಬಿಗಳಿಂದ. ಟೆಕ್ಸ್ಚರ್ ಕೋಆರ್ಡಿನೇಟ್ ನೋಡ್ ಹಾಕಿದ್ದರೆ ತಂತಿ ಯಾವ ತೂತಿನಿಂದ ಹೊರಟಿದೆ ಅಂತಲೂ ನೋಡಿ. ಜನರೇಟೆಡ್‌ನಿಂದ ಹೋಗಿದ್ದರೆ ನೀವು ಯುವಿಯನ್ನು ಎಷ್ಟು ಚೆನ್ನಾಗಿ ಬಿಡಿಸಿದರೂ ಪ್ರಯೋಜನ ಇಲ್ಲ, ಅದನ್ನು ಅದು ಓದುವುದೇ ಇಲ್ಲ. ಯುವಿಯಿಂದ ಹೋಗಬೇಕು.

ಗೋಡೆ, ನೆಲ, ಕಟ್ಟೆಯಂಥ ಚೌಕು ಚೌಕಾದ ವಸ್ತುಗಳಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ಇಮೇಜ್ ಟೆಕ್ಸ್ಚರ್ ನೋಡ್‌ನಲ್ಲಿ ಫ್ಲಾಟ್ ಬದಲು ಬಾಕ್ಸ್ ಆರಿಸಿ, ಆಬ್ಜೆಕ್ಟ್ ಕೋಆರ್ಡಿನೇಟ್ ಕೊಟ್ಟು, ಬ್ಲೆಂಡ್ ಸ್ವಲ್ಪ ಏರಿಸಿದರೆ ಯುವಿ ಗೊಡವೆಯೇ ಇಲ್ಲದೆ ಆರೂ ಕಡೆ ಸರಿಯಾಗಿ ಕೂರುತ್ತದೆ. ಆದರೆ ಇದು ಬಣ್ಣಕ್ಕೆ, ಬಂಪ್‌ಗೆ ಮಾತ್ರ. ನಾರ್ಮಲ್ ಮ್ಯಾಪ್‌ಗೆ, ಅಂದರೆ ಮೈ ಯಾವ ದಿಕ್ಕಿಗೆ ವಾಲಿದೆ ಅಂತ ಬಣ್ಣದಲ್ಲಿ ಬರೆದ ಚಿತ್ರಕ್ಕೆ, ಯುವಿ ಬೇಕೇ ಬೇಕು.

ಕಲ್ಲು ಎಷ್ಟು ದೊಡ್ಡದಿರಬೇಕು ಅಂತ ಕಣ್ಣಳತೆಯಲ್ಲಿ ಹೇಳಬೇಡಿ. ನಾನು ಟೇಪು ಹಿಡಿದು ಅಳೆದೆ, ಗೋಡೆಯ ಒಂದು ಕಲ್ಲು 38 ಸೆಂಟಿಮೀಟರ್ ಉದ್ದ ಇತ್ತು. ಫೋಟೋದಲ್ಲಿ ಅಡ್ಡಕ್ಕೆ ನಾಲ್ಕು ಕಲ್ಲು. ಅಂದರೆ ಒಂದು ಚಿತ್ರ ಸುಮಾರು ಒಂದೂವರೆ ಮೀಟರ್ ಗೋಡೆ. ಆರು ಮೀಟರ್ ಗೋಡೆಗೆ ಚಿತ್ರ ನಾಲ್ಕು ಸಲ ಬರಬೇಕು. ಇಷ್ಟು ಲೆಕ್ಕ ಮಾಡಿಕೊಂಡರೆ ಮ್ಯಾಪಿಂಗ್ ನೋಡ್‌ನಲ್ಲಿ ಸುಮ್ನೆ ಅಂಕಿ ತಿರುಗಿಸುತ್ತಾ ಕೂರುವ ಕೆಲಸ ತಪ್ಪುತ್ತದೆ.

ಮಳೆಯಲ್ಲಿ ನೆಂದ ಹಾಗೆ ಹೊಳೆದರೆ, ಬೆಳಕು ಓರೆಯಾಗಿ ಬಿದ್ದ ಹಾಗಿದ್ದರೆ

ಇದು ಕಲರ್ ಸ್ಪೇಸ್. ಒಂದೇ ಒಂದು ಸಣ್ಣ ಪಟ್ಟಿಯಲ್ಲಿ ಇರುವ ಆಯ್ಕೆ ಇದು, ಆದರೆ ನಾನು ನೋಡಿದ ತಪ್ಪುಗಳಲ್ಲಿ ಅತಿ ಹೆಚ್ಚು ಸಲ ಸಿಕ್ಕಿದ್ದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ನೋಡುವ ಫೋಟೋಗಳು ಎಸ್‌ಆರ್‌ಜಿಬಿಯಲ್ಲಿ ಇರುತ್ತವೆ. ನಮ್ಮ ಕಣ್ಣಿಗೆ ಕತ್ತಲೆಯ ಛಾಯೆಗಳು ಜಾಸ್ತಿ ಗೊತ್ತಾಗುತ್ತವೆ ಅಂತ ಆ ಅಂಕಿಗಳನ್ನು ಬಗ್ಗಿಸಿ ಬರೆದಿರುತ್ತಾರೆ. ಬ್ಲೆಂಡರ್ ಬೆಳಕಿನ ಲೆಕ್ಕ ಮಾಡುವ ಮೊದಲು ಆ ಬಾಗನ್ನು ನೇರ ಮಾಡಿಕೊಳ್ಳುತ್ತದೆ. ಬಣ್ಣಕ್ಕೆ ಇದು ಬೇಕು. ಆದರೆ ಬಂಪ್, ನಾರ್ಮಲ್, ರಫ್‌ನೆಸ್, ಮೆಟಾಲಿಕ್ ಇವು ಯಾವುವೂ ಬಣ್ಣ ಅಲ್ಲ, ಚಿತ್ರದ ವೇಷದಲ್ಲಿರುವ ಅಂಕಿಗಳು. ಅವನ್ನು ನೇರ ಮಾಡಲು ಹೋದರೆ ಅಂಕಿಗಳೇ ಕೆಡುತ್ತವೆ. ಇಮೇಜ್ ಟೆಕ್ಸ್ಚರ್ ನೋಡ್‌ನಲ್ಲಿ ಚಿತ್ರದ ಹೆಸರಿನ ಕೆಳಗೆ ಕಲರ್ ಸ್ಪೇಸ್ ಇದೆ. ಬಣ್ಣದ ಚಿತ್ರ ಒಂದಕ್ಕೆ ಎಸ್‌ಆರ್‌ಜಿಬಿ ಇರಲಿ, ಉಳಿದ ಎಲ್ಲದಕ್ಕೂ ನಾನ್-ಕಲರ್ ಮಾಡಿ.

ಎಷ್ಟು ಕೆಡುತ್ತದೆ ಅಂತ ಲೆಕ್ಕ ಹಾಕಿ ನೋಡಿ. ರಫ್‌ನೆಸ್ ಚಿತ್ರದಲ್ಲಿ ನಟ್ಟನಡುವಿನ ಬೂದು, ಅಂದರೆ 255ರಲ್ಲಿ 128 ಇದೆ ಅಂದುಕೊಳ್ಳಿ. ಅದು 0.5 ಅಂತ ಓದಬೇಕು. ಎಸ್‌ಆರ್‌ಜಿಬಿ ಅಂತ ಓದಿದರೆ ಸುಮಾರು 0.21 ಆಗುತ್ತದೆ. 0.8 ಇರಬೇಕಾದ್ದು 0.6 ಆಗುತ್ತದೆ. ರಫ್‌ನೆಸ್ ಕಮ್ಮಿಯಾದರೆ ಹೊಳಪು ಜಾಸ್ತಿ, ನನ್ನ ಗೋಡೆ ಒದ್ದೆಯಾಗಿ ಕಂಡಿದ್ದು ಇಷ್ಟಕ್ಕೇ.

ನಾರ್ಮಲ್ ಮ್ಯಾಪ್‌ನಲ್ಲಿ ಇನ್ನೂ ಕೆಟ್ಟದಾಗುತ್ತದೆ. ಅದರ ನೀಲಿ-ನೇರಳೆ ಬಣ್ಣ ಇದೆಯಲ್ಲ, 128, 128, 255, ಅದರ ಅರ್ಥ ಇಲ್ಲಿ ಮೈ ಸಪಾಟಾಗಿದೆ, ನೇರ ಮುಂದೆ ನೋಡುತ್ತಿದೆ ಅಂತ. ಎಸ್‌ಆರ್‌ಜಿಬಿ ಅಂತ ಓದಿದಾಗ ಮೊದಲಿನ ಎರಡು ಅಂಕಿ 0.21ಕ್ಕೆ ಇಳಿಯುತ್ತವೆ, ಆಗ ಏನೂ ಕೆತ್ತನೆ ಇಲ್ಲದ ಸಪಾಟು ಜಾಗವೂ ಸುಮಾರು 39 ಡಿಗ್ರಿ ಒಂದು ಮೂಲೆಗೆ ವಾಲಿದೆ ಅಂತ ಬ್ಲೆಂಡರ್ ತಿಳಿದುಕೊಳ್ಳುತ್ತದೆ. ಇಡೀ ವಸ್ತುವಿಗೆ ಬೆಳಕು ಎಲ್ಲಿಂದಲೋ ಬಿದ್ದ ಹಾಗಿರುತ್ತದೆ, ಯುವಿ ತುಂಡುಗಳು ಸೇರುವ ಕಡೆ ಹೊಲಿಗೆ ಬಿಟ್ಟ ಹಾಗೆ ಗೆರೆ ಕಾಣುತ್ತದೆ. ಸ್ಟ್ರೆಂತ್ ಕಮ್ಮಿ ಮಾಡಿದರೆ ಈ ತಪ್ಪು ಮಸುಕಾಗುತ್ತದೆ. ಅದಕ್ಕೇ ಜನ ಸ್ಟ್ರೆಂತನ್ನು 0.2ಕ್ಕೆ ಇಳಿಸಿ ಈಗ ಪರವಾಗಿಲ್ಲ ಅಂತ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ತಪ್ಪು ಒಳಗೇ ಉಳಿದಿರುತ್ತದೆ.

ಬಣ್ಣದ ಟೆಕ್ಸ್ಚರ್ ಮಾತ್ರ ಫೋಟೋಗಿಂತ ಬಿಳಚಿಕೊಂಡು ಕಾಣುತ್ತಿದ್ದರೆ ಅದಕ್ಕೆ ಕಾರಣ ಬೇರೆ. ರೆಂಡರ್ ಸೆಟ್ಟಿಂಗ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆಗೆದು ವ್ಯೂ ಟ್ರಾನ್ಸ್‌ಫಾರ್ಮ್ ನೋಡಿ. 2019ರ 2.80ರಿಂದ ಅಲ್ಲಿ ಫಿಲ್ಮಿಕ್ ಇತ್ತು, 2023ರ 4.0ರಿಂದ ಎಜಿಎಕ್ಸ್ ಇದೆ. ಎರಡೂ ಜಾಸ್ತಿ ಬೆಳಕಿನ ಜಾಗಗಳನ್ನು ಮೆದು ಮಾಡುತ್ತವೆ. ಒಂದು ಸಲ ಸ್ಟ್ಯಾಂಡರ್ಡ್‌ಗೆ ಬದಲಿಸಿ ನೋಡಿ, ಬಣ್ಣ ವಾಪಸ್ ಬಂದರೆ ನಿಮ್ಮ ಟೆಕ್ಸ್ಚರ್‌ನಲ್ಲಿ ತಪ್ಪಿಲ್ಲ ಅಂತ ಅರ್ಥ.

ತಂತಿ ತಪ್ಪು ತೂತಿಗೆ ಹೋಗಿದ್ದರೆ

ಬಂಪ್ ಮಾಡುವ ಕೆಲಸ ಏನು ಅಂತ ಒಂದು ಮಾತು. 1974ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಎಡ್ವಿನ್ ಕ್ಯಾಟ್‌ಮಲ್ ಮೇಲ್ಮೈಗೆ ಚಿತ್ರ ಹಚ್ಚುವ ವಿಧಾನವನ್ನು ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದರು. ಮೇಲ್ಮೈಯನ್ನು ಅಲ್ಲಾಡಿಸದೆ, ಬೆಳಕಿನ ಲೆಕ್ಕ ಮಾಡುವಾಗ ಅದು ನೋಡುವ ದಿಕ್ಕನ್ನು ಮಾತ್ರ ಸ್ವಲ್ಪ ವಾಲಿಸಿದರೆ ಸುಕ್ಕು ಇದ್ದ ಹಾಗೆ ಕಾಣುತ್ತದೆ ಅಂತ 1978ರಲ್ಲಿ ಜೇಮ್ಸ್ ಬ್ಲಿನ್ ತೋರಿಸಿದರು. ಇವತ್ತಿನ ಬಂಪ್ ನೋಡ್ ಮಾಡುವುದೂ ಅದನ್ನೇ. ಬಂಪ್ ಚಿತ್ರದಲ್ಲಿ ಎತ್ತರ ಇರುತ್ತದೆ, ಬಿಳಿ ಅಂದರೆ ಮೇಲೆ, ಕಪ್ಪು ಅಂದರೆ ಕೆಳಗೆ. ನಾರ್ಮಲ್ ಮ್ಯಾಪ್‌ನಲ್ಲಿ ಆ ವಾಲಿದ ದಿಕ್ಕನ್ನೇ ಮೊದಲೇ ಲೆಕ್ಕ ಹಾಕಿ ಮೂರು ಬಣ್ಣದಲ್ಲಿ ಬರೆದಿರುತ್ತಾರೆ.

ಇದು ಗೊತ್ತಿದ್ದರೆ ಜೋಡಣೆ ತಾನಾಗಿಯೇ ನೆನಪಿರುತ್ತದೆ. ಬೂದು ಚಿತ್ರ ಬಂಪ್ ನೋಡ್‌ನ ಹೈಟ್ ತೂತಿಗೆ ಹೋಗಬೇಕು. ಅದರ ಕೆಳಗಿನ ನಾರ್ಮಲ್ ತೂತಿಗೆ ಹೋದರೆ ಕಪ್ಪು ಕಪ್ಪು ಕಲೆ ಬರುತ್ತದೆ. ನೇರಳೆ ಚಿತ್ರ ನಾರ್ಮಲ್ ಮ್ಯಾಪ್ ನೋಡ್ ಮೂಲಕವೇ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್ ಅನ್ನುವ ಮುಖ್ಯ ಮೆಟೀರಿಯಲ್ ನೋಡ್‌ನ ನಾರ್ಮಲ್‌ಗೆ ಹೋಗಬೇಕು. ಹಳದಿ ಚುಕ್ಕೆಯಿಂದ ನೇರಳೆ ಚುಕ್ಕೆಗೆ ನೇರವಾಗಿ ತಂತಿ ಎಳೆದರೂ ಬ್ಲೆಂಡರ್ ಬೇಡ ಅನ್ನುವುದಿಲ್ಲ, ಎಳೆಯಲು ಬಿಡುತ್ತದೆ, ಹಾಗಾಗಿ ತಪ್ಪಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಎರಡೂ ಬೇಕಿದ್ದರೆ ನಾರ್ಮಲ್ ಮ್ಯಾಪ್ ನೋಡ್‌ನಿಂದ ಹೊರಟ ತಂತಿಯನ್ನು ಬಂಪ್ ನೋಡ್‌ನ ನಾರ್ಮಲ್ ತೂತಿಗೆ ಕೊಡಿ, ಬಂಪ್‌ನಿಂದ ಪ್ರಿನ್ಸಿಪಲ್ಡ್‌ಗೆ ಕೊಡಿ.

ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗದಿದ್ದರೆ ಪ್ರಿಫರೆನ್ಸಸ್‌ನಲ್ಲಿ ನೋಡ್ ರಾಂಗ್ಲರ್ ಆಡ್-ಆನ್ ಆನ್ ಮಾಡಿಕೊಳ್ಳಿ. ಕಂಟ್ರೋಲ್, ಶಿಫ್ಟ್ ಎರಡೂ ಹಿಡಿದು ಯಾವುದೇ ನೋಡ್ ಮೇಲೆ ಕ್ಲಿಕ್ ಮಾಡಿದರೆ ಆ ನೋಡ್ ಏನು ಕೊಡುತ್ತಿದೆಯೋ ಅದೊಂದೇ ವಸ್ತುವಿನ ಮೇಲೆ ಕಾಣುತ್ತದೆ, ಬೆಳಕು ನೆರಳು ಏನೂ ಇಲ್ಲದೆ. ಎಡಗಡೆಯ ಮೊದಲ ನೋಡ್‌ನಿಂದ ಶುರು ಮಾಡಿ ಒಂದೊಂದೇ ಕ್ಲಿಕ್ ಮಾಡುತ್ತಾ ಬಲಕ್ಕೆ ಬನ್ನಿ. ಯಾವ ನೋಡ್‌ನಲ್ಲಿ ಚಿತ್ರ ಕೆಡುತ್ತದೆಯೋ ತಪ್ಪು ಅಲ್ಲೇ ಇದೆ. ಮುಗಿದ ಮೇಲೆ ಪ್ರಿನ್ಸಿಪಲ್ಡ್ ಮೇಲೆ ಒಮ್ಮೆ ಹಾಗೇ ಕ್ಲಿಕ್ ಮಾಡಿ, ಎಲ್ಲ ಮೊದಲಿನ ಹಾಗಾಗುತ್ತದೆ.

ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಂಡರೆ

ಮೊದಲು ನಿಮ್ಮ ಕಣ್ಣನ್ನೇ ಪರೀಕ್ಷೆ ಮಾಡಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಒಂದೇ ಚಿತ್ರ ಉಬ್ಬಾಗಿಯೂ ಕಾಣುತ್ತದೆ, ತಗ್ಗಾಗಿಯೂ ಕಾಣುತ್ತದೆ. ಎಲ್ಲ ಲೈಟು ಆರಿಸಿ, ವರ್ಲ್ಡ್ ಕಪ್ಪು ಮಾಡಿ, ಎಡಗಡೆ ಮೇಲಿಂದ ಬೆಳಕು ಬೀಳುವ ಹಾಗೆ ತಿರುಗಿಸಿ ಒಂದೇ ಒಂದು ಸನ್ ಲೈಟ್ ಇಡಿ. ಆಮೇಲೆ ಕಪ್ಪು ಹಿನ್ನೆಲೆಯ ಮೇಲೆ ಅಂಚು ಮಸುಕಾದ ಬಿಳಿ ವೃತ್ತ ಇರುವ ಚಿತ್ರ ಒಂದನ್ನು ಮಾಡಿ ಬಂಪ್‌ಗೆ ಹಾಕಿ. ವೃತ್ತದ ಎಡ ಮೇಲ್ಭಾಗ ಬೆಳಗಿ ಬಲ ಕೆಳಭಾಗ ಕಪ್ಪಾದರೆ ಅದು ಉಬ್ಬು, ನಿಮ್ಮ ನೋಡ್‌ಗಳೆಲ್ಲ ಸರಿ ಇವೆ. ತಿರುಗಾಮುರುಗಾ ಇದ್ದರೆ ಬಂಪ್ ನೋಡ್‌ನ ಇನ್‌ವರ್ಟ್ ಗುರುತು ಬಿದ್ದಿದೆಯಾ ನೋಡಿ.

ಓವರ್‌ಲೇಯಲ್ಲಿ ಫೇಸ್ ಓರಿಯೆಂಟೇಶನ್ ಹಾಕಿ ನೋಡುವುದನ್ನೂ ಬಿಡಬೇಡಿ. ಹೊರಗೆ ಎಲ್ಲೂ ಕೆಂಪು ಇರಬಾರದು. ಕೆಂಪು ಕಂಡರೆ ಆ ಮುಖ ಒಳಗಿನ ಕಡೆ ತಿರುಗಿದೆ ಅಂತ. ಎಡಿಟ್ ಮೋಡ್‌ನಲ್ಲಿ ಎಲ್ಲ ಆರಿಸಿ ಶಿಫ್ಟ್-ಎನ್ ಒತ್ತಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ನಾರ್ಮಲ್ ಮ್ಯಾಪ್‌ನಲ್ಲಿ ಎಡ-ಬಲ ಸರಿ ಇದ್ದು, ಮೇಲೆ-ಕೆಳಗೆ ಮಾತ್ರ ತಿರುಗಿದ್ದರೆ ಅದು ಡೈರೆಕ್ಟ್‌ಎಕ್ಸ್ ಮ್ಯಾಪ್. ಬ್ಲೆಂಡರ್‌ಗೆ ಬೇಕಾದ್ದು ಓಪನ್‌ಜಿಎಲ್ ಮ್ಯಾಪ್, ಎರಡಕ್ಕೂ ಹಸಿರು ಚಾನೆಲ್ ಒಂದೇ ವ್ಯತ್ಯಾಸ, ಒಂದರಲ್ಲಿ ಮೇಲೆ ಅಂದಿದ್ದು ಇನ್ನೊಂದರಲ್ಲಿ ಕೆಳಗೆ. ಗೇಮ್ ಮಾಡುವ ತಂತ್ರಾಂಶಗಳಲ್ಲಿ ಅನ್‌ರಿಯಲ್ ಎಂಜಿನ್ ಡೈರೆಕ್ಟ್‌ಎಕ್ಸ್ ರೀತಿ ಓದುತ್ತದೆ, ಯೂನಿಟಿ ಓಪನ್‌ಜಿಎಲ್ ರೀತಿ. ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಎರಡೂ ಜಾಲತಾಣಗಳಲ್ಲಿ ಟೆಕ್ಸ್ಚರ್‌ಗಳು ಪುಕ್ಕಟೆ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. ಅಲ್ಲಿ ಎರಡೂ ಬಗೆ ಸಿಗುತ್ತವೆ, ಫೈಲಿನ ಹೆಸರಿನಲ್ಲಿ ಜಿಎಲ್ ಅಂತ ಇರುವುದನ್ನೇ ಇಳಿಸಿಕೊಳ್ಳಿ. ಡಿಎಕ್ಸ್ ಇರುವುದು ಮಾತ್ರ ಕೈಯಲ್ಲಿದ್ದರೆ ಸೆಪರೇಟ್ ಕಲರ್ ನೋಡ್‌ನಲ್ಲಿ ಬಿಡಿಸಿ, ಹಸಿರನ್ನು ಮಾತ್ರ 1ರಿಂದ ಕಳೆದು, ಕಂಬೈನ್ ಕಲರ್‌ನಲ್ಲಿ ಮತ್ತೆ ಸೇರಿಸಿ ನಾರ್ಮಲ್ ಮ್ಯಾಪ್ ನೋಡ್‌ಗೆ ಕೊಡಿ.

ಇನ್ನೊಂದು ಇದೆ, ಹುಡುಕಲು ತುಂಬಾ ಕಷ್ಟ. ಮ್ಯಾಪಿಂಗ್ ನೋಡ್‌ನಲ್ಲಿ ಚಿತ್ರವನ್ನು 90 ಡಿಗ್ರಿ ತಿರುಗಿಸಿದರೆ ನಾರ್ಮಲ್ ಮ್ಯಾಪ್‌ನ ಚಿತ್ರ ತಿರುಗುತ್ತದೆ, ಆದರೆ ಅದರೊಳಗೆ ಬರೆದಿರುವ ದಿಕ್ಕುಗಳು ತಿರುಗುವುದಿಲ್ಲ. ಕಲ್ಲು ಸರಿಯಾದ ಜಾಗದಲ್ಲೇ ಇರುತ್ತದೆ, ಬೆಳಕು ಮಾತ್ರ ಪಕ್ಕದಿಂದ ಬಿದ್ದ ಹಾಗಿರುತ್ತದೆ. ತಿರುಗಿಸಬೇಕಿದ್ದರೆ ಯುವಿ ಎಡಿಟರ್‌ನಲ್ಲಿ ಯುವಿಯನ್ನೇ ತಿರುಗಿಸಿ. ಬೂದು ಬಂಪ್‌ಗೆ ಈ ತೊಂದರೆ ಇಲ್ಲ, ಎತ್ತರಕ್ಕೆ ದಿಕ್ಕು ಇರುವುದಿಲ್ಲ ಅಲ್ವಾ.

ಫೋಟೋದಿಂದ ಮಾಡಿದ ಬಂಪ್ ಸುಳ್ಳು ಹೇಳುತ್ತಿದ್ದರೆ

ನನ್ನ ಗೋಡೆಯಲ್ಲಿ ಗಾರೆ ಎದ್ದು ನಿಂತಿದ್ದಕ್ಕೆ ಮೇಲೆ ಹೇಳಿದ ಯಾವುದೂ ಕಾರಣ ಅಲ್ಲ. ವೃತ್ತದ ಪರೀಕ್ಷೆ ಸರಿ ಬಂತು. ಇನ್‌ವರ್ಟ್ ಹಾಕಿದರೆ ಗಾರೆ ಒಳಗೆ ಹೋಗುತ್ತಿತ್ತು, ಆದರೆ ಕಲ್ಲಿನ ತೂತುಗಳೆಲ್ಲ ಗುಳ್ಳೆಗಳಾಗಿ ಹೊರಗೆ ಬರುತ್ತಿದ್ದವು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು.

ಆಗ ಬಂಪ್ ಚಿತ್ರವನ್ನೇ ದೊಡ್ಡದು ಮಾಡಿ ನೋಡಿದೆ. ಕೆಂಪು ಕಲ್ಲು ಕಪ್ಪು-ಬಿಳುಪಿನಲ್ಲಿ ಮಧ್ಯಮ ಬೂದು. ತೂತಿನ ಒಳಗೆ ನೆರಳು, ಅದು ಕಪ್ಪು, ಅದು ಸರಿ. ಗಾರೆ ಮಾತ್ರ ಸುಣ್ಣದ್ದು, ಬೆಳ್ಳಗೆ. ಬಿಳಿ ಅಂದರೆ ಎತ್ತರ ಅಂತ ಬಂಪ್ ನೋಡ್ ತಿಳಿದುಕೊಂಡಿತು. ಮೂಲೆಯಲ್ಲಿ ಮಳೆಗಾಲದ ಪಾಚಿ ಒಣಗಿ ಕಪ್ಪು ಕಲೆ ಉಳಿದಿತ್ತು, ಬರೀ ಬಣ್ಣ ಅದು, ಕೈ ಸವರಿದರೆ ಕಲ್ಲಿನ ಮೇಲೆ ಏನೂ ತಗ್ಗಿಲ್ಲ. ರೆಂಡರ್‌ನಲ್ಲಿ ಅದೇ ದೊಡ್ಡ ಗುಂಡಿಯಾಗಿತ್ತು. ಫೋಟೋಗೆ ಬಣ್ಣ ಗೊತ್ತು, ಎತ್ತರ ಗೊತ್ತಿಲ್ಲ. ಇದಕ್ಕೆ ಬ್ಲೆಂಡರ್‌ನ ಒಳಗೆ ಔಷಧಿ ಇಲ್ಲ, ಚಿತ್ರವನ್ನೇ ತಿದ್ದಬೇಕು.

ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ನಾನು ಮಾಡಿದ್ದು ಹೀಗೆ. ಮೊದಲು ಫೋಟೋವನ್ನೇ ಮತ್ತೆ ತೆಗೆದೆ, ಮೋಡ ಮುಚ್ಚಿದ ದಿನ, ಗೋಡೆಗೆ ನೇರ ಎದುರು ನಿಂತು. ಬಿಸಿಲಿನ ಫೋಟೋದಲ್ಲಿ ಪ್ರತಿ ತೂತಿಗೂ ಒಂದು ಕಡೆ ನೆರಳು ಅಂಟಿಕೊಂಡಿರುತ್ತದೆ, ಆ ನೆರಳು ಟೆಕ್ಸ್ಚರ್‌ನ ಒಳಗೇ ಉಳಿದು ನಿಮ್ಮ ದೃಶ್ಯದ ಬೆಳಕಿನ ಜೊತೆ ಜಗಳ ಆಡುತ್ತದೆ. ಆಮೇಲೆ ಲೇಯರ್ ಮೆನುವಿನ ಆಫ್‌ಸೆಟ್‌ನಲ್ಲಿ ಅರ್ಧ ಸರಿಸಿ, ನಡುವೆ ಕಂಡ ಜೋಡಣೆಯ ಗೆರೆಯನ್ನು ಹೀಲ್ ಟೂಲ್‌ನಿಂದ ಅಳಿಸಿದೆ, ಪಕ್ಕ ಪಕ್ಕ ಇಟ್ಟಾಗ ಅಂಚು ಕಾಣಬಾರದು ಅಂತ. ಬಂಪ್ ಪ್ರತಿಗೆ ಹೈ ಪಾಸ್ ಫಿಲ್ಟರ್ ಹಾಕಿದೆ, ಇದು ದೊಡ್ಡ ದೊಡ್ಡ ಕಪ್ಪು-ಬಿಳುಪಿನ ಏರಿಳಿತವನ್ನು ತೆಗೆದು ಸಣ್ಣ ತೂತುಗಳನ್ನು ಮಾತ್ರ ಉಳಿಸುತ್ತದೆ, ಪಾಚಿಯ ಕಲೆ ಬಹುಪಾಲು ಇದರಲ್ಲೇ ಹೋಯಿತು. ಕೊನೆಗೆ ಹೊಸ ಲೇಯರ್ ಮಾಡಿ, ಗಾರೆ ಇರುವ ಕಡೆಯೆಲ್ಲ ಕಡು ಬೂದು ಬಣ್ಣವನ್ನು ಮೆದು ಬ್ರಷ್‌ನಲ್ಲಿ ಕೈಯಾರೆ ಬಳಿದೆ. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಗೋಡೆ ಗೋಡೆಯಾಯಿತು, ಇದನ್ನು ಮಾಡಿಕೊಡುವ ಸ್ಲೈಡರ್ ಯಾವುದೂ ಇಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬಂದರೆ

8 ಬಿಟ್ ಚಿತ್ರದಲ್ಲಿ ಎತ್ತರಕ್ಕೆ ಇರುವುದು 256 ಮೆಟ್ಟಿಲು ಮಾತ್ರ. ನಿಧಾನವಾಗಿ ಏರುವ ಮೈಯಲ್ಲಿ, ಉದಾಹರಣೆಗೆ ಸವೆದ ಮೆಟ್ಟಿಲಿನ ತಗ್ಗಿನಲ್ಲಿ, ಈ ಹಂತಗಳು ನಕ್ಷೆಯ ಎತ್ತರದ ಗೆರೆಗಳ ಹಾಗೆ ಕಾಣುತ್ತವೆ. ಬಂಪ್ ಚಿತ್ರವನ್ನು 16 ಬಿಟ್ ಪಿಎನ್‌ಜಿ ಅಥವಾ ಇಎಕ್ಸ್‌ಆರ್‌ನಲ್ಲಿ ಇಡಿ. 8 ಬಿಟ್ ಫೋಟೋವನ್ನು ಸುಮ್ನೆ 16 ಅಂತ ಉಳಿಸಿದರೆ ಏನೂ ಸಿಗುವುದಿಲ್ಲ, ಮೊದಲು ಗಿಂಪ್‌ನಲ್ಲಿ ಪ್ರಿಸಿಶನ್ ಅನ್ನು 16ಕ್ಕೆ ಏರಿಸಿ ಆಮೇಲೆ ಸ್ವಲ್ಪ ಬ್ಲರ್ ಕೊಡಿ, ಆಗ ನಡುವಿನ ಛಾಯೆಗಳು ಹುಟ್ಟುತ್ತವೆ. ಗೋಡೆಯ ಮೇಲೆ ಸಣ್ಣ ಸಣ್ಣ ಚೌಕಗಳ ಜಾಲ ಕಂಡರೆ ಅದು ಜೆಪೆಗ್‌ನ ಗುರುತು, ಅದು ಚಿತ್ರವನ್ನು 8 ಪಿಕ್ಸೆಲ್ ಚೌಕಗಳಾಗಿ ಕುಗ್ಗಿಸುತ್ತದೆ. ಬಣ್ಣದಲ್ಲಿ ಕಣ್ಣಿಗೆ ಬೀಳದ ಜಾಲ ಬಂಪ್‌ನಲ್ಲಿ ಎದ್ದು ಕಾಣುತ್ತದೆ. ಬಂಪ್‌ಗೆ ಜೆಪೆಗ್ ಬೇಡವೇ ಬೇಡ.

ಎಲ್ಲ ಸರಿ ಇದ್ದರೂ ಬಂಪ್ ಕಾಣುತ್ತಿಲ್ಲ ಅಂದರೆ

ಈಗ ಬೆಳಕು. ಎಲ್ಲ ಕಡೆಯಿಂದ ಒಂದೇ ಸಮ ಬೆಳಕಿದ್ದರೆ ನಿಜವಾದ ಕಲ್ಲಿನ ಉಬ್ಬು ತಗ್ಗೂ ಕಾಣುವುದಿಲ್ಲ. ಹೊಯ್ಸಳರ ಗುಡಿಯ ಹೊರಗೋಡೆಯನ್ನು ಬೆಳಿಗ್ಗೆ ಓರೆ ಬಿಸಿಲಿನಲ್ಲಿ ನೋಡಿ, ಮೋಡದ ದಿನ ನೋಡಿ, ಅದೇ ಕೆತ್ತನೆ ಬೇರೆಯಾಗಿ ಕಾಣುತ್ತದೆ. ಲೈಟನ್ನು ಗೋಡೆಗೆ ತಾಗುವ ಹಾಗೆ ಪಕ್ಕಕ್ಕೆ ಸರಿಸಿ.

ಆಮೇಲೆ ಡಿಸ್ಟೆನ್ಸ್. ಕಪ್ಪಿನಿಂದ ಬಿಳಿಗೆ ಎಷ್ಟು ಎತ್ತರ ಅಂತ ಹೇಳುವ ಅಂಕಿ ಅದು. ಮುರಕಲ್ಲಿನ ತೂತು ಹೆಚ್ಚೆಂದರೆ ಬೆರಳ ತುದಿ ಹೋಗುವಷ್ಟು, ಹಾಗಾಗಿ ನಾನು 0.01 ಮೀಟರ್ ಇಟ್ಟು, ಸ್ಟ್ರೆಂತನ್ನು 1ರಲ್ಲೇ ಬಿಟ್ಟೆ. ಎತ್ತರವನ್ನು ಡಿಸ್ಟೆನ್ಸ್‌ನಲ್ಲಿ ಹೇಳಿ, ಎಷ್ಟು ಬೆರೆಯಬೇಕು ಅನ್ನುವುದಕ್ಕೆ ಮಾತ್ರ ಸ್ಟ್ರೆಂತ್ ಮುಟ್ಟಿ.

ಗೋಡೆಯ ಅಂಚು ಮಾತ್ರ ಕತ್ತರಿಸಿದ ಹಾಗೆ ನೇರವಾಗಿದೆ ಅಂದರೆ ಅದು ತಪ್ಪಲ್ಲ, ಬಂಪ್‌ನ ಸ್ವಭಾವ, ಅದು ಮೈಯನ್ನು ಅಲ್ಲಾಡಿಸುವುದೇ ಇಲ್ಲ. ಅಂಚೂ ಒರಟಾಗಬೇಕು ಅಂದರೆ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಮೈಯನ್ನೇ ನಿಜವಾಗಿ ಸರಿಸುವುದು, ಬೇಕು. ಎತ್ತರದ ಚಿತ್ರವನ್ನು ಡಿಸ್‌ಪ್ಲೇಸ್‌ಮೆಂಟ್ ನೋಡ್ ಮೂಲಕ ಮೆಟೀರಿಯಲ್ ಔಟ್‌ಪುಟ್‌ನ ಡಿಸ್‌ಪ್ಲೇಸ್‌ಮೆಂಟ್‌ಗೆ ಕೊಡಿ, ಮೆಟೀರಿಯಲ್ ಸೆಟ್ಟಿಂಗ್‌ನಲ್ಲಿ ಬಂಪ್ ಓನ್ಲಿ ಇದ್ದರೆ ಡಿಸ್‌ಪ್ಲೇಸ್‌ಮೆಂಟ್ ಆ್ಯಂಡ್ ಬಂಪ್‌ಗೆ ಬದಲಿಸಿ, ಗೋಡೆಗೆ ಸಾಕಷ್ಟು ಸಬ್‌ಡಿವಿಶನ್ ಕೊಡಿ. ಎಂಟು ಮೂಲೆ ಮಾತ್ರ ಇರುವ ಡಬ್ಬಿಯಲ್ಲಿ ಸರಿಯಲು ಬಿಂದುಗಳೇ ಇರುವುದಿಲ್ಲ. ಬ್ಲೆಂಡರ್‌ನ ಎರಡು ರೆಂಡರ್ ಎಂಜಿನ್‌ಗಳ ಪೈಕಿ ಸೈಕಲ್ಸ್‌ನಲ್ಲಿ ಇದು ಮೊದಲಿಂದ ನಡೆಯುತ್ತದೆ, ಈವಿಯಲ್ಲಿ ಬೇಕಿದ್ದರೆ 2024ರ 4.2 ಅಥವಾ ಅದಕ್ಕಿಂತ ಹೊಸದು ಇರಬೇಕು. ಇಡೀ ಗೋಡೆ ಊದಿದ ಹಾಗಾದರೆ ಮಿಡ್‌ಲೆವೆಲ್ ನೋಡಿ, ಯಾವ ಬೂದು ಅಂದರೆ ಸರಿಯಬೇಡ ಅಂತ ಅರ್ಥ ಅನ್ನುವುದನ್ನು ಅದು ಹೇಳುತ್ತದೆ.

ಬ್ಲೆಂಡರ್‌ನಲ್ಲಿ ಚೆನ್ನಾಗಿದ್ದ ಬಂಪ್, ಮಾಡೆಲನ್ನು ಬೇರೆ ತಂತ್ರಾಂಶಗಳಿಗೆ ಒಯ್ಯುವ ಜಿಎಲ್‌ಟಿಎಫ್ ಫಾರ್ಮ್ಯಾಟ್‌ಗೆ ಕಳಿಸಿದ ಮೇಲೆ ಮಾಯವಾದರೆ, ಆ ಫಾರ್ಮ್ಯಾಟ್‌ನಲ್ಲಿ ನಾರ್ಮಲ್ ಮ್ಯಾಪ್‌ಗೆ ಮಾತ್ರ ಜಾಗ ಇದೆ, ಎತ್ತರದ ಬಂಪ್‌ಗೆ ಇಲ್ಲ. ಬಂಪನ್ನು ನಾರ್ಮಲ್ ಮ್ಯಾಪ್ ಆಗಿ ಬೇಕ್ ಮಾಡಿಕೊಳ್ಳಬೇಕು, ಅಂದರೆ ಲೆಕ್ಕ ಹಾಕಿಸಿ ಹೊಸ ಚಿತ್ರವಾಗಿ ಬರೆಸಿಕೊಳ್ಳಬೇಕು. ರೆಂಡರ್ ಎಂಜಿನ್ ಸೈಕಲ್ಸ್‌ಗೆ ಬದಲಿಸಿ, ಖಾಲಿ ಚಿತ್ರ ಒಂದನ್ನು ಮಾಡಿ ನಾನ್-ಕಲರ್ ಇಡಿ, ಆ ಚಿತ್ರದ ನೋಡನ್ನು ಮೆಟೀರಿಯಲ್‌ನಲ್ಲಿ ಯಾವುದಕ್ಕೂ ತಂತಿ ಎಳೆಯದೆ ಆರಿಸಿ ಬಿಟ್ಟಿರಿ, ಬೇಕ್ ಟೈಪ್‌ನಲ್ಲಿ ನಾರ್ಮಲ್ ಹಾಕಿ ಬೇಕ್ ಒತ್ತಿ. ಇಲ್ಲಿ ಯುವಿ ಒಂದರ ಮೇಲೊಂದು ಬಿದ್ದಿರಬಾರದು, ಗೋಡೆಗೆ ನಾಲ್ಕು ಸಲ ಹಾಸಿದ ಯುವಿ ಈ ಕೆಲಸಕ್ಕೆ ಆಗುವುದಿಲ್ಲ, ಎರಡನೇ ಯುವಿ ಮ್ಯಾಪ್ ಒಂದನ್ನು ಬೇರೆ ಮಾಡಿಕೊಳ್ಳಿ. ಬೇಕ್ ಆದ ಚಿತ್ರವನ್ನು ಬ್ಲೆಂಡರ್ ತಾನಾಗಿ ಡಿಸ್ಕಿಗೆ ಬರೆಯುವುದಿಲ್ಲ. ಇಮೇಜ್ ಮೆನುವಿನ ಹೆಸರಿನ ಪಕ್ಕ ನಕ್ಷತ್ರದ ಗುರುತು ಕಂಡರೆ ಇನ್ನೂ ಉಳಿಸಿಲ್ಲ ಅಂತ ಅರ್ಥ, ಮುಚ್ಚುವ ಮೊದಲು ಸೇವ್ ಮಾಡಿ.